ಹಳದಿ ಬಟನ್

ಮೈಕಿನ ಮೇಲೆ ಒಂದು ನೊಣ ಕೂತಿದೆ, ಓಡಿಸುವವರಿಲ್ಲ, ಅಕ್ಕ ಮಾತಾಡುತ್ತಲೇ ಇದ್ದಾಳೆ, ನೊಣಕ್ಕಾದರೂ ಬೇಜಾರಾದರೆ ಎದ್ದು ಹೋಗಬಹುದು, ನಮಗೆ ಅದೂ ಇಲ್ಲ, ಕೊನೆಯ ಸಾಲಿನಲ್ಲಿ ಒಂದನೇ ತರಗತಿಯವರ ಗಿಡ್ಡ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವ ಹಾಗೆ ಕೂತಿದ್ದೇನೆ, ದೊಡ್ಡ ಕುರ್ಚಿಗಳೆಲ್ಲ ಅತಿಥಿಗಳಿಗೆ — ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ, ಈ ಶಾಲೆಯ ಹೆಡ್‌ಮೇಡಂ, ಮನೆಯಲ್ಲಿ ಅಕ್ಕ, ಗೇಟು ದಾಟಿದರೆ ಮೇಡಂ, ಹದಿನಾಲ್ಕು ವರ್ಷದಿಂದ ಗೇಟಿನ ಹತ್ತಿರ ಬಂದಾಗೆಲ್ಲ ನಾಲಿಗೆ ತಿದ್ದಿಕೊಂಡಿದ್ದೇನೆ, ಇವತ್ತಿಗೆ ಅದು ಮುಗಿಯಿತು, ಇವತ್ತು ಅವಳ ಬಣ್ಣ ಬಯಲಾಗುತ್ತದೆ, ಇಷ್ಟು ಜನರ ಎದುರಿಗೆ, ಅದೂ ಅವಳೇ ಕರೆಸಿದ ಜನರ ಎದುರಿಗೆ. ಕಲಿಯೋಕೆ ಆಗದ ಮಗು ಅಂತ ಯಾವುದೂ ಇಲ್ಲ, ನಾವು ದಾರಿ ಹುಡುಕಿಲ್ಲ ಅಷ್ಟೇ, ಅನ್ನುತ್ತಿದ್ದಾಳೆ, ಕೈಯನ್ನು ಎದೆಯ ಮೇಲಿಟ್ಟುಕೊಂಡು, ಆಹಾ, ಅದು ನನ್ನ ಮಾತು, ಅಕ್ಷರಕ್ಕೆ ಅಕ್ಷರ ನನ್ನದು, ಸಿಬ್ಬಂದಿ ಸಭೆಯಲ್ಲಿ ನಾನು ಅಂದಾಗ ಇದೇ ಮಹಾತಾಯಿ ಆಕಳಿಸಿ ಗಡಿಯಾರ ನೋಡಿದ್ದಳು. ಮೇಜಿಗೆ ನೀಲಿ ಬಟ್ಟೆ ಹಾಸಿ ನನ್ನ ಹದಿನಾಲ್ಕು ವರ್ಷವನ್ನು ಸಾಲಾಗಿ ಜೋಡಿಸಿಟ್ಟಿದ್ದಾಳೆ, ನಡುವೆ ಕಿಟಕಿ ಕತ್ತರಿಸಿದ ರಟ್ಟು, ಪುಟದ ಮೇಲಿಟ್ಟರೆ ಒಂದೇ ಸಾಲು ಕಾಣುತ್ತದೆ, ಅಕ್ಷರ ಎಲ್ಲಾ ಇರುವೆ ಥರ ಓಡಾಡ್ತವೆ ಟೀಚರ್ ಅಂತ ಅತ್ತವನಿಗೆ ಮಾಡಿದ್ದು, ಹಿಡಿತ ಜಾರುವವರಿಗೆ ಸೈಕಲ್ ಟ್ಯೂಬ್ ಸುತ್ತಿದ ಪೆನ್ಸಿಲ್ಲುಗಳು, ಪುಸ್ತಕ ಇಟ್ಟು ಬರೆಯೋಕೆ ಹಳೆ ಫೈಲುಗಳನ್ನು ಅಂಟಿಸಿ ಮಾಡಿದ ಓರೆ ಹಲಗೆ, ಮರಳು ಕಾಗದದಲ್ಲಿ ಕತ್ತರಿಸಿದ ಅಕ್ಷರಗಳು, ಗಾಜು ಬಿರುಕುಬಿಟ್ಟ ಟ್ಯಾಬ್, ಮುಟ್ಟಿದರೆ ಪಾಠ ಓದಿ ಹೇಳುತ್ತದೆ, ಆ ಪಾಠಗಳನ್ನೆಲ್ಲ ಒಂದೊಂದಾಗಿ ಓದಿ ತುಂಬಿ ವಾರವಿಡೀ ಗಂಟಲು ಕಟ್ಟಿಸಿಕೊಂಡವಳು ನಾನು. ಪ್ರತಿಯೊಂದರ ಮುಂದೆಯೂ ಒಂದು ಚೀಟಿ, ಪರಿಕಲ್ಪನೆ ಅಂತ ಬರೆದು ಕೆಳಗೆ ಅವಳ ಹೆಸರು.

ಇದೇ ಓರೆ ಹಲಗೆಯನ್ನು ಮೂರು ವರ್ಷದ ಹಿಂದೆ ಗೋಣಿಚೀಲಕ್ಕೆ ತುಂಬಿದ್ದಳು, ತಪಾಸಣೆಯವರು ಬರುತ್ತಾರೆ ಅಂತ, ನಾನು ರಜೆಯಲ್ಲಿದ್ದೆ, ಮಗಳಿಗೆ ಜ್ವರ, ತಿರುಗಿ ಬಂದಾಗ ನನ್ನ ಕೋಣೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ, ಗುಜರಿಯವನಿಗೆ ಕೊಟ್ಟೆ, ಶಾಲೆ ಇದು, ಗುಜರಿ ಅಂಗಡಿ ಅಲ್ಲ, ನೋಡಿದವರು ಏನಂದುಕೊಳ್ತಾರೆ, ಅಂದಳು, ಉಳಿದ ಟೀಚರುಗಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಅವತ್ತಿನಿಂದಲೇ ನನಗೆ ಡಬ್ಬಿ ಟೀಚರ್ ಅಂತ ಹೆಸರು ಬಿದ್ದದ್ದು, ಡಬ್ಬಿ ಟೀಚರ್ ಒಂದು ಖಾಲಿ ಡಬ್ಬಿ ಇದೆ ಬೇಕಾ, ಡಬ್ಬಿ ಟೀಚರ್ ಈ ಮುಚ್ಚಳ ಯಾರ ತಲೆಗೆ ಸರಿಹೋಗುತ್ತೆ ನೋಡಿ. ನಾನು ಗುಜರಿಯವನ ಅಂಗಡಿಗೆ ಹೋಗಿ ಅರ್ಧ ದಿನ ಕೂತು ಹುಡುಕಿ ಸಿಕ್ಕಿದ್ದನ್ನು ಹೊತ್ತುಕೊಂಡು ಬಂದೆ, ಸಿಗದಿದ್ದನ್ನು ಮತ್ತೆ ಮಾಡಿದೆ, ಹಲ್ಲು ಕಚ್ಚಿಕೊಂಡು ಮಾಡಿದೆ, ಇರುವೆ ಹುಡುಗ ಆ ವರ್ಷವೇ ಇಡೀ ಪುಟ ಓದಿದ. ಆಮೇಲೆ ಮೇಲಿನಿಂದ ಸುತ್ತೋಲೆ ಬಂತು, ಎಲ್ಲ ಥರದ ಮಕ್ಕಳಿಗೂ ನೆರವಾಗುವ ಸರಳ ಸಾಧನ ಮಾಡಿದವರು ಕಳಿಸಿ ಅಂತ, ಬಂದದ್ದು ಹೆಡ್‌ಮೇಡಂ ಮೇಜಿಗೆ, ಅಲ್ಲಿಂದ ಆಚೆ ಬರಲೇ ಇಲ್ಲ, ಆರು ತಿಂಗಳು ಕಳೆದು ಒಂದು ಪುಸ್ತಕ ಬಂತು, ಮುಖಪುಟದಲ್ಲಿ ಅವಳು, ಕೈಯಲ್ಲಿ ನನ್ನ ಕಿಟಕಿ ರಟ್ಟು, ಅದನ್ನು ಹೇಗೆ ಹಿಡಿಯಬೇಕು ಅಂತಲೂ ಗೊತ್ತಿಲ್ಲದೆ ತಲೆಕೆಳಗಾಗಿ ಹಿಡಿದುಕೊಂಡಿದ್ದಳು. ಅಡುಗೆಮನೆಯಲ್ಲಿ ಕೇಳಿದೆ, ಕೇಳದೆ ಬಿಡಲಿಲ್ಲ, ಅಕ್ಕ ಇದು ನಾನು ಮಾಡಿದ್ದಲ್ವಾ ಅಂತ, ಅವಳು ಚಹಾ ಸೋಸುತ್ತಿದ್ದಳು, ತಲೆ ಕೂಡ ಎತ್ತಲಿಲ್ಲ, ಅಯ್ಯೋ ನಮ್ಮ ಮನೆ ಹೆಸರು ಬಂತಲ್ಲ ಸಾಕು ಬಿಡು, ನಿಂದಾದ್ರೇನು ನಂದಾದ್ರೇನು, ಅಂದಳು, ಗಂಡ ಪಕ್ಕದಲ್ಲೇ ಇದ್ದ, ಅತ್ತಿಗೆ ಮುಂದೆ ಅವನ ಬಾಯಿಗೆ ಯಾವಾಗಲೂ ಬೀಗ. ನಿಂದಾದ್ರೇನು ನಂದಾದ್ರೇನು, ಆ ಮಾತು ಎರಡು ವರ್ಷದಿಂದ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತಿದೆ, ಊಟ ಮಾಡಿದರೆ ಅದೂ ಉಣ್ಣುತ್ತದೆ, ಮಲಗಿದರೆ ಅದು ಮಲಗುವುದಿಲ್ಲ. ಈಗ ಹೊಸ ತರಬೇತಿ ಕೇಂದ್ರವಂತೆ, ನಲವತ್ತು ಶಾಲೆಗಳಿಗೆ ನನ್ನ ರಟ್ಟು ನನ್ನ ಟ್ಯೂಬು ನನ್ನ ಮಾತಾಡುವ ಪೆಟ್ಟಿಗೆ ಹೋಗುತ್ತವಂತೆ, ಅದರ ಮುಖ್ಯಸ್ಥೆ ಯಾರು ಅಂತ ಇವತ್ತು ಬಂದಿರುವ ಅಧಿಕಾರಿ ನೋಡಿ ತೀರ್ಮಾನ ಮಾಡುತ್ತಾನಂತೆ, ನೋಡಲಿ, ಕಿವಿಯಾರೆ ಕೇಳಲಿ.

ಪೆಟ್ಟಿಗೆ ಗುಬ್ಬಿಯ ಮಡಿಲಲ್ಲಿದೆ. ಗುಬ್ಬಿಗೆ ಎಂಟು ವರ್ಷ, ಮಾತು ಬರುವುದಿಲ್ಲ, ಕೈ ನಡುಗುತ್ತದೆ, ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು, ಕಣ್ಣಲ್ಲೇ ಬೈಯುತ್ತಾಳೆ, ಅವಳ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದವಳು, ಬೆಳಗ್ಗೆ ಬಿಟ್ಟು ಹೋದರೆ ಸಂಜೆಯೇ ಬರುವುದು, ಟೀಚರಮ್ಮ ಇವಳಿಗೆ ಏನು ಬೇಕು ಅಂತ ನನಗೇ ಒಂದೊಂದ್ಸಲ ಗೊತ್ತಾಗಲ್ಲ, ಅಂದಿದ್ದಳು ಮೊದಲ ದಿನ, ಅದಕ್ಕೇ ರೇಡಿಯೋ ರಿಪೇರಿಯವನ ಬೆನ್ನು ಹತ್ತಿ ಈ ಪೆಟ್ಟಿಗೆ ಮಾಡಿಸಿದ್ದು, ನಾಲ್ಕು ಬಟನ್, ನಾಲ್ಕು ಮಾತು, ಒಂದೊಂದಕ್ಕೆ ಹತ್ತು ಸೆಕೆಂಡು, ಹೊಸದು ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ, ಅವನಿಗೆ ಅಷ್ಟೇ ಬರುತ್ತಿದ್ದದ್ದು. ಕೆಂಪು ಒತ್ತಿದರೆ ನಮಸ್ಕಾರ, ಹಸಿರು ಒತ್ತಿದರೆ ನೀರು ಬೇಕು, ನೀಲಿ ಒತ್ತಿದರೆ ಬೇಡ, ಹಳದಿ ಒತ್ತಿದರೆ ಬಾತ್‌ರೂಮಿಗೆ ಹೋಗಬೇಕು, ನನ್ನದೇ ದನಿ, ಸ್ವಲ್ಪ ಸಣ್ಣ ಮಾಡಿಕೊಂಡು, ಎಲ್ಲದಕ್ಕಿಂತ ಮೊದಲು ತುಂಬಿದ್ದು ಹಳದಿಯನ್ನೇ. ಅಕ್ಕ ಹೋದ ವಾರ ಕರೆದು, ಆ ಬಾತ್‌ರೂಮಿಂದು ತೆಗೆದುಬಿಡು, ದೊಡ್ಡವರ ಮುಂದೆ ಅಸಹ್ಯ, ಅದರ ಜಾಗದಲ್ಲಿ ನಮ್ಮ ಮೇಡಂಗೆ ಧನ್ಯವಾದ ಅಂತ ಹಾಕು, ಕೊನೇಲಿ ನಾನೇ ಅವಳ ಕೈ ಹಿಡಿದು ಒತ್ತಿಸ್ತೀನಿ, ಚಪ್ಪಾಳೆ ಬೀಳುತ್ತೆ, ಅಂದಳು. ಬೇರೆ ದಿನವಾಗಿದ್ದರೆ ಜಗಳ ಕಾಯುತ್ತಿದ್ದೆ, ಮಗುವಿನ ಮಾತು ಅಳಿಸೋಕೆ ನೀವ್ಯಾರು ಅನ್ನುತ್ತಿದ್ದೆ, ಆದರೆ ಅವತ್ತು ಆಗಲಿ ಮೇಡಂ ಅಂದೆ, ನನಗೇ ಆಶ್ಚರ್ಯ, ಅಷ್ಟು ಮೆತ್ತಗೆ ಅಂದೆ, ಯಾಕೆಂದರೆ ಹಳದಿಗೆ ಏನು ಹಾಕಬೇಕು ಅಂತ ಆ ಕ್ಷಣವೇ ಹೊಳೆದಿತ್ತು. ಇವತ್ತು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ನಕಾಶೆಗಳಿಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದೆ, ಇದ್ಯಾವುದೂ ಮೇಡಂ ಮಾಡಿದ್ದಲ್ಲ, ಎಲ್ಲಾ ಕದ್ದಿದ್ದು, ಬೇಕಾದ್ರೆ ಮಕ್ಕಳನ್ನೇ ಕೇಳಿ, ಏಳು ಸೆಕೆಂಡು, ಒತ್ತಿ ಕೇಳಿದೆ, ಮತ್ತೆ ಕೇಳಿದೆ, ಎಷ್ಟು ಸ್ಪಷ್ಟ, ಬಾಯಲ್ಲಿ ಬೆಲ್ಲ ಕರಗಿದ ಹಾಗಾಯಿತು. ಸಂಜೆ ಮತ್ತೆ ಹಳೆಯದು ತುಂಬಿಬಿಡುತ್ತೇನೆ, ಒಂದು ದಿನದ ಮಾತು ತಾನೇ, ಗುಬ್ಬಿ ಹೇಗೂ ಹತ್ತೂವರೆಗೆ ಆಯಾ ಜೊತೆ ಹೋಗಿಬರುತ್ತಾಳೆ, ಕಾರ್ಯಕ್ರಮ ಇರುವುದೇ ಹತ್ತಕ್ಕೆ, ಮುಗಿದುಹೋಗಿರುತ್ತದೆ, ಅಂತ ಲೆಕ್ಕ ಹಾಕಿದ್ದೆ.

ಹತ್ತಾಯಿತು, ಅಧಿಕಾರಿಯ ಸುಳಿವಿಲ್ಲ, ಹತ್ತೂವರೆ, ಇಲ್ಲ, ದಾರಿಯಲ್ಲಿದ್ದಾರಂತೆ, ಹನ್ನೊಂದು, ಇನ್ನೂ ದಾರಿಯಲ್ಲೇ ಇದ್ದಾರಂತೆ, ದಾರಿ ಎಷ್ಟು ಉದ್ದವೋ, ಆಯಾಳನ್ನು ಲೋಟ ತೊಳೆಯೋಕೆ ಕಳಿಸಿದ್ದಾರೆ, ಮುಂಚೆ ಬಂದ ಅತಿಥಿಗಳನ್ನು ಸುಮ್ಮನೆ ಕೂರಿಸಬಾರದು ಅಂತ ಅಕ್ಕ ಒಬ್ಬೊಬ್ಬರನ್ನಾಗಿ ಕರೆದು ತೋರಿಸುತ್ತಿದ್ದಳು, ನೋಡಿ ಸರ್, ಒತ್ತು ಪುಟ್ಟಾ, ಹಸಿರು ಒತ್ತು, ನೀರು ಬೇಕು ಅಂದಿತು ಪೆಟ್ಟಿಗೆ, ಅವರೆಲ್ಲ ಅಬ್ಬಾ ಅಂದರು, ಒಂದು ಲೋಟ ಬಂತು, ಗುಬ್ಬಿ ಕುಡಿದಳು, ಇನ್ನೊಬ್ಬರು ಬಂದರು, ಹಸಿರು ಒತ್ತು ಪುಟ್ಟಾ, ಇನ್ನೊಂದು ಲೋಟ, ನಾಲ್ಕು ಸಲ, ನಾಲ್ಕು ಲೋಟ — ಬಟನ್ ಒತ್ತಿದರೆ ಕೇಳಿದ್ದು ಸಿಗಲೇಬೇಕು, ಇಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಅವಳಿಗೆ ನಂಬಿಕೆ ಹೋಗುತ್ತದೆ, ಅದು ನಾನೇ ಮಾಡಿದ ನಿಯಮ, ನಾಲ್ಕನ್ನೂ ನೋಡಿದೆ, ಕಣ್ಣಾರೆ ನೋಡಿದೆ, ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ, ಹೂಂ, ಮೆರೆ, ಎಷ್ಟು ಮೆರೆಯುತ್ತೀಯೋ ಮೆರೆ, ಇನ್ನು ಸ್ವಲ್ಪ ಹೊತ್ತು. ಹನ್ನೊಂದೂವರೆಗೆ ಕಾರು ಬಂತು. ಸಣ್ಣ ಮನುಷ್ಯ, ಸುಸ್ತಾದ ಮುಖ, ಮೊದಲ ಸಾಲಿನ ಮಧ್ಯದಲ್ಲಿ ಕೂತು ಕನ್ನಡಕ ಒರೆಸಿಕೊಂಡ, ಅಕ್ಕ ಮೈಕು ಹಿಡಿದವಳು ಇನ್ನೂ ಬಿಟ್ಟಿಲ್ಲ, ಗುಬ್ಬಿಯನ್ನು ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದಾರೆ, ಕಾಲು ನೆಲಕ್ಕೆ ಎಟುಕುವುದಿಲ್ಲ, ಬಿಳಿ ಸಾಕ್ಸು, ಯಾಕೋ ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ಬಿಗಿಯಾಗಿ ಸುತ್ತಿಕೊಂಡಿದ್ದಾಳೆ, ಇಷ್ಟು ಜನ ನೋಡಿ ಹೆದರಿರಬೇಕು. ಇದನ್ನೆಲ್ಲ ನಾನು ಒಬ್ಬಳೇ ಕೂತು ಕೈಯಾರೆ ಮಾಡಿದ್ದು ಸರ್, ಅನ್ನುತ್ತಾಳೆ, ಒಬ್ಬಳೇ ಅನ್ನುವಾಗ ದನಿ ಒದ್ದೆ ಮಾಡಿಕೊಳ್ಳುತ್ತಾಳೆ, ಅಬ್ಬಾ ನಿನ್ನ ಧೈರ್ಯವೇ, ನಾನು ಇಲ್ಲೇ ಕೂತಿದ್ದೇನೆ, ನಿನಗೆ ಕಾಣುವ ಹಾಗೆ ಕೂತಿದ್ದೇನೆ.

ಕೆಂಪು ಒತ್ತು ಪುಟ್ಟಾ, ಅಂದಳು, ಗುಬ್ಬಿ ಕೆಂಪು ಒತ್ತಲಿಲ್ಲ. ನಡುಗುವ ಕೈ ಎತ್ತಿದಳು, ಬೆರಳು ಪೆಟ್ಟಿಗೆಯ ಮೇಲೆ ಗಾಳಿಯಲ್ಲಿ ಅಲುಗಾಡಿ ಹಳದಿಯ ಮೇಲೆ ಇಳಿಯಿತು, ಯಾರೂ ಕೈ ಹಿಡಿಯಲಿಲ್ಲ, ಯಾರೂ ಒತ್ತಿಸಲಿಲ್ಲ, ಇದ್ಯಾವುದೂ ಮೇಡಂ ಮಾಡಿದ್ದಲ್ಲ ಎಲ್ಲಾ ಕದ್ದಿದ್ದು ಬೇಕಾದ್ರೆ ಮಕ್ಕಳನ್ನೇ ಕೇಳಿ, ಮೈಕು ಅದನ್ನು ಹಿಡಿದು ಇಡೀ ಹಾಲಿಗೆ ಹಂಚಿತು, ನಾನು ಅಂದುಕೊಂಡದ್ದಕ್ಕಿಂತ ಹತ್ತು ಪಟ್ಟು ದೊಡ್ಡದಾಗಿ, ಅಕ್ಕನ ಮುಖ, ಅಯ್ಯೋ ಆ ಮುಖ, ಸುಣ್ಣ ಬಳಿದ ಗೋಡೆಯ ಹಾಗೆ, ಎರಡು ವರ್ಷದ ಕೆಂಡ ಒಂದೇ ಏಟಿಗೆ ತಣ್ಣಗಾಯಿತು, ಸುಖ ಅಂದರೆ ಇದೇ ಇರಬೇಕು, ಈಗ ಹೇಳು ಅಕ್ಕ ನಿಂದಾದ್ರೇನು ನಂದಾದ್ರೇನು ಅಂತ, ಹೇಳು. ಯಾರೋ ಕಿಸಕ್ಕನೆ ನಕ್ಕರು, ಗುಬ್ಬಿ ಮತ್ತೆ ಹಳದಿ ಒತ್ತಿದಳು, ಎಲ್ಲಾ ಕದ್ದಿದ್ದು, ಅಕ್ಕ ಪೆಟ್ಟಿಗೆಗೆ ಕೈ ಹಾಕಿದಳು, ಕೊಡೇ ಇಲ್ಲಿ, ಅಧಿಕಾರಿ ಎದ್ದು ನಿಂತ, ಬಿಡಿ ಮೇಡಂ, ಮಗು ಏನೋ ಹೇಳ್ತಾ ಇದೆ, ಹೇಳಲಿ ಬಿಡಿ, ಅಂದ, ಒಳ್ಳೆಯ ಮನುಷ್ಯ, ಎಲ್ಲರೂ ಬಾಗಿ ಮಗುವನ್ನೇ ನೋಡುತ್ತಿದ್ದಾರೆ, ಗುಬ್ಬಿ ಅವರಲ್ಲಿ ಒಬ್ಬರನ್ನೂ ನೋಡುತ್ತಿಲ್ಲ, ಎಲ್ಲರ ತಲೆಗಳ ಮೇಲಿಂದ ಕೊನೆಯ ಸಾಲಿಗೆ ನೋಡುತ್ತಿದ್ದಾಳೆ, ನನ್ನನ್ನು, ಕಣ್ಣು ತುಂಬಿದೆ, ಮಂಡಿ ಒಂದಕ್ಕೊಂದು ಅಂಟಿದೆ, ಮತ್ತೆ ಹಳದಿ, ಬೇಕಾದ್ರೆ ಮಕ್ಕಳನ್ನೇ ಕೇಳಿ — ಹನ್ನೊಂದೂವರೆ ದಾಟಿದೆ, ನಾಲ್ಕು ಲೋಟ ನೀರು, ಆಯಾ ಆ ತೊಳೆದ ಲೋಟಗಳಿಗೆ ಜ್ಯೂಸು ತುಂಬುತ್ತಿದ್ದಾಳೆ. ಮೊದಲ ಸಲ ಯಾರೂ ಬರದಿದ್ದರೆ ಮತ್ತೆ ಒತ್ತು ಕಂದಾ, ಯಾರಾದರೂ ಬರುವವರೆಗೂ ಒತ್ತು, ನಾನು ಎಲ್ಲಿದ್ದರೂ ಬರ್ತೀನಿ, ಅಂತ ಹೇಳಿಕೊಟ್ಟವಳು ನಾನು, ತಿಂಗಳುಗಟ್ಟಲೆ ಹೇಳಿಕೊಟ್ಟೆ, ಅದಕ್ಕೇ ಒತ್ತುತ್ತಿದ್ದಾಳೆ, ತನ್ನ ಮಾತನ್ನೇ ಒತ್ತುತ್ತಿದ್ದಾಳೆ, ಆಚೆ ಬರುತ್ತಿರುವುದು ನನ್ನದು. ಬಾತ್‌ರೂಮಿನ ಚಿತ್ರದ ಒಂದು ಕಾರ್ಡು ಬರೆದು ಅವಳ ಕೊರಳಿಗೆ ಹಾಕಿದ್ದರೆ ಸಾಕಿತ್ತು, ರಟ್ಟು ಇತ್ತು, ದಾರ ಇತ್ತು, ಎರಡು ನಿಮಿಷದ ಕೆಲಸ, ಆ ಎರಡು ನಿಮಿಷ ನಾನು ನನ್ನ ದನಿಯನ್ನು ಮತ್ತೆ ಮತ್ತೆ ಕೇಳುತ್ತಾ ಕೂತಿದ್ದೆ, ಏಳಬೇಕು, ಈ ಗಿಡ್ಡ ಕುರ್ಚಿಯಿಂದ ಎದ್ದು ಇಷ್ಟು ಜನರ ನಡುವೆ ಹಾದು ಹೋಗಿ ಅವಳನ್ನು ಎತ್ತಿಕೊಳ್ಳಬೇಕು, ಹನ್ನೆರಡು ಹೆಜ್ಜೆ ಇರಬಹುದು, ಸದ್ದು ಮತ್ತೆ ಬಂತು, ಎಲ್ಲಾ ಕದ್ದಿದ್ದು, ಬಿಳಿ ಸಾಕ್ಸಿನ ಮೇಲಂಚು ಕಪ್ಪಾಗುತ್ತಿದೆ, ಕೆಳಗಿಳಿಯುತ್ತಿದೆ, ಕುರ್ಚಿಯ ಕಾಲಿನ ಪಕ್ಕ ನೆಲ ಹೊಳೆಯುತ್ತಿದೆ, ಇನ್ನು ಒತ್ತಬೇಕಾಗಿಲ್ಲ ಕಂದಾ, ಆದರೂ ಬೆರಳು ಹಳದಿಯ ಮೇಲೆ, ನನ್ನನ್ನೇ ನೋಡುತ್ತಾ, ಎತ್ತುತ್ತಾಳೆ, ಇಳಿಸುತ್ತಾಳೆ, ನಡುಗುವ ಬೆರಳು, ಹಳದಿಯ ಮೇಲೆ, ಮತ್ತೆ ಹಳದಿಯ ಮೇಲೆ