ನದಿಯಾಚೆಯ ಮನೆ

ಮತ್ತೆ ಆ ಕರವಸ್ತ್ರ, ಈಗ ಕಣ್ಣೊರೆಸಿಕೊಳ್ಳುತ್ತಾರೆ ನೋಡು, ಒರೆಸಿಕೊಂಡರು, ಎಡಗಣ್ಣು ಮಾತ್ರ, ಕ್ಯಾಮೆರಾ ಇರುವುದು ಆ ಕಡೆ, ಸಭೆಯ ಗ್ಯಾಲರಿಯಲ್ಲಿ ಕೂತ ನನಗೆ ಎಲ್ಲ ಕಾಣುತ್ತದೆ — ಮಾನ್ಯ ಅಧ್ಯಕ್ಷರೇ, ರಾಜಧಾನಿಯ ಬಾಡಿಗೆದಾರರಿಗೆ ಸಿಕ್ಕ ರಕ್ಷಣೆ ನದಿಯಾಚೆಯ ಜಿಲ್ಲೆಗಳಿಗೆ ಯಾಕೆ ಬೇಡ, ಅಲ್ಲಿನವರು ಮನುಷ್ಯರಲ್ಲವೇ — ಆಹಾ, ಎಷ್ಟು ಚೆನ್ನಾಗಿ ಗಂಟಲು ಕಟ್ಟುತ್ತದೆ ನನ್ನ ಗಂಡನಿಗೆ, ಮದುವೆಯ ಹೊಸದರಲ್ಲಿ ನನ್ನೆದುರೂ ಹೀಗೇ ಕಟ್ಟುತ್ತಿತ್ತು, ನಾನು ಕರಗಿ ನೀರಾಗಿದ್ದೆ, ಪೆದ್ದಿ, ಎದುರು ಪಕ್ಷದ ಆ ಬೋಳುತಲೆ ಆಕಳಿಸುತ್ತಿದೆ, ಕಾನೂನು ಬಂದರೆ ಅಲ್ಲಿ ಯಾರೂ ಮನೆ ಕಟ್ಟುವುದಿಲ್ಲ ಅಂತ ಕೊರೆದು ಕೊರೆದು ಸುಸ್ತಾಗಿದೆ, ಪಾಪ, ಆ ಬೋಳುತಲೆಗೇ ಅಲ್ಲಿ ಬೀದಿಗಟ್ಟಲೆ ಬಾಡಿಗೆ ಮನೆಗಳಿವೆ, ಅದಾದರೂ ವಾಸಿ, ಹೊಟ್ಟೆಯಲ್ಲಿರುವುದನ್ನೇ ಬಾಯಲ್ಲಿ ಆಡುತ್ತದೆ, ಇವರು? ಬೆಳಿಗ್ಗೆ ಕನ್ನಡಿಯ ಮುಂದೆ ಇದೇ ಭಾಷಣ ಉರು ಹೊಡೆಯುತ್ತಾ ಮಧ್ಯೆ ನನ್ನ ಕಡೆ ತಿರುಗಿ, ಆ ನರ್ಸಮ್ಮನಿಗೆ ಫೋನ್ ಮಾಡಿ ಖಾಲಿ ಮಾಡೋಕೆ ಹೇಳು, ಬಿಲ್ ಪಾಸಾದ್ರೆ ಈ ಜನ್ಮದಲ್ಲಿ ಏಳಿಸೋಕಾಗಲ್ಲ, ಮನೆ ನಿನ್ನ ಹೆಸರಲ್ಲಿದೆ, ನೀನೇ ಹೇಳಿದ್ರೆ ಚೆಂದ — ಚೆಂದವಂತೆ, ನದಿಯಾಚೆ ಅಪ್ಪ ನನಗೆ ಬಿಟ್ಟುಹೋದ ಮನೆ, ಅಪ್ಪನ ಕಾಲದಿಂದ ಮುಂದಿನ ಭಾಗದಲ್ಲಿ ಬಾಡಿಗೆಗಿರುವ ನರ್ಸಮ್ಮ, ಅಮ್ಮ ಹಾಸಿಗೆ ಹಿಡಿದಾಗ ಡ್ಯೂಟಿ ಮುಗಿಸಿ ಬಂದು ಬೆನ್ನು ಒರೆಸಿ ಮಗ್ಗುಲು ಬದಲಿಸುತ್ತಿದ್ದವಳು, ನೋಡೋಣ ಅಂದಿದ್ದೆ, ಈಗ ಮಾಡುತ್ತೇನೆ ಫೋನು, ಏಳುತ್ತೇನೆ, ಪಕ್ಕದಲ್ಲಿದ್ದ ಮಂತ್ರಿಯ ಹೆಂಡತಿ ಮೊಣಕಾಲು ಸರಿಸಿ ದಾರಿ ಬಿಡುತ್ತಾ ಎಷ್ಟು ಚೆನ್ನಾಗಿ ಮಾತಾಡ್ತಾರ್ರೀ ನಿಮ್ಮನೆಯವರು ಅನ್ನುತ್ತಾಳೆ, ಹೌದು, ಮಾತೇ ಅವರ ಕಸುಬು, ಹೊರಗೆ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ರಿಂಗಾಗುತ್ತಿದೆ, ನರ್ಸಮ್ಮ, ನಾನು ಪುಟ್ಟಿ, ಮನೆ ಬಿಡಬೇಡಿ, ಯಾರು ಬಂದು ಹೇಳಿದ್ರೂ ಬಿಡಬೇಡಿ, ಮನೆ ನನ್ನದು, ನಾನು ಹೇಳ್ತಿದ್ದೀನಿ — ಆ ಕಡೆ ಗಾಳಿಯ ಸದ್ದು, ಮನೆಯೊಳಗೆ ಅಷ್ಟು ಗಾಳಿ ಎಲ್ಲಿಯದು, ಬಿಟ್ಟಿಲ್ಲ ಪುಟ್ಟಿ, ಇಲ್ಲೇ ಇದ್ದೀನಿ, ನಿನ್ನ ಯಜಮಾನ್ರು ಕಳಿಸಿದ್ರು ಅಂತ ಬೆಳಿಗ್ಗೆ ಯಾರೋ ಬಂದಿದ್ರು, ರಿಪೇರಿ ಅಂದ್ರು, ಮುಂಬಾಗಿಲು ಕಳಚಿ ಲಾರಿಗೆ ಹಾಕ್ಕೊಂಡು ಹೋದ್ರು, ಆ ಜಾಗದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದೀನಿ, ಇಲ್ಲಾಂದ್ರೆ ನಾಯಿ ನುಗ್ತವೆ — ಹಾಗಾದರೆ ನನ್ನ ಮಾತಿಗೂ ಕಾಯಲಿಲ್ಲ, ಕನ್ನಡಿಯ ಮುಂದೆ ನಿಂತು ನನ್ನನ್ನು ಕೇಳುವಾಗಲೇ ಅಲ್ಲಿಗೆ ಲಾರಿ ಹೋಗಿತ್ತು, ಇವರು, ಇನ್ನೆಂಥ ಇವರು, ಇವನು, ಒಳಗೆ ಮೇಜು ಕುಟ್ಟುತ್ತಿದ್ದಾರೆ, ಪಾಸಾಯಿತು, ಈಗ ಹಲ್ಲು ಕಿರಿದುಕೊಂಡು ಹೊರಗೆ ಬರುತ್ತಾನೆ, ಹೇಳಿದೆಯಾ ಅನ್ನುತ್ತಾನೆ, ಹೇಳಿದೆ ಅನ್ನುತ್ತೇನೆ, ಏನು ಹೇಳಿದೆ ಅಂತ ಆ ಮನೆಯಿಂದಲೇ ತಿಳಿಯಲಿ, ಬಡಗಿಯನ್ನು ಹುಡುಕಬೇಕು, ಸಂಜೆಯೊಳಗೆ ನದಿ ದಾಟಬೇಕು, ಅಷ್ಟರವರೆಗೆ ಅವಳು ಹಾಗೇ, ಬರೀ ಚೌಕಟ್ಟು, ನಡುವೆ ಕುರ್ಚಿ, ಮಡಿಲಲ್ಲಿ ಕೈಯಿಟ್ಟು ಬೀದಿ ನೋಡುತ್ತಾ ನರ್ಸಮ್ಮ, ಬಾಗಿಲಿನ ಹಾಗೆ ಕೂತ ನರ್ಸಮ್ಮ, ಚೌಕಟ್ಟು, ಕುರ್ಚಿ, ಚೌಕಟ್ಟು —