ಸಾಕು ಅಂದರೆ ಜೇಬು

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳಿಗೆ ಕಾಲರ್ ಕೂರಿಸುವ ಕೆಲಸ. ದಾಖಲೆಯಲ್ಲಿ ಬೇರೇನೋ ಚೆಂದದ ಹೆಸರಿತ್ತು. ಆದರೆ ಮನೆಯಲ್ಲೂ ಹೊರಗೂ ಎಲ್ಲರ ಬಾಯಲ್ಲಿ ಅವಳು ಸಾಕು. ಚಿಕ್ಕವಳಿದ್ದಾಗ ಪಕ್ಕದ ಮನೆಯ ಹೆಂಗಸೊಬ್ಬಳು, "ಮೂರನೇದೂ ಹೆಣ್ಣಾಯ್ತಲ್ಲ, ಸಾಕಪ್ಪಾ ಸಾಕು ಅನ್ನಿಸಿರುತ್ತೆ ನಿಮ್ಮಪ್ಪನಿಗೆ" ಎಂದು ನಕ್ಕಿದ್ದಳು. ಅಂದಿನಿಂದ ಯಾರೇ ಹೆಸರು ಹಿಡಿದು ಕರೆದರೂ ಮುಖದೆದುರು ಕದ ಮುಚ್ಚಿದ ಹಾಗಾಗುತ್ತಿತ್ತು. ಅಪ್ಪ ಅಮ್ಮ ಇರುವ ತನಕ ಕೇಳಲು ಬಾಯಿ ಬರಲಿಲ್ಲ. ಅವರು ಹೋದ ಮೇಲೆ ಕೇಳಿ ತಿಳಿಯುವುದೇನೂ ಉಳಿದಿಲ್ಲ ಎಂದುಕೊಂಡಳು.

ಮಧ್ಯಾಹ್ನವಾದರೆ ಕಾರ್ಖಾನೆಯೇ ತೂಕಡಿಸುತ್ತಿತ್ತು. ಇಸ್ತ್ರಿ ಮೇಜಿನ ಆವಿ ಕಿಟಕಿಯ ಬೆಳಕಿಗೆ ಬಂದು ತೇಲುತ್ತ ನಿಲ್ಲುತ್ತಿತ್ತು. ಅದರೊಳಗೆ ದಾರದ ಎಳೆಗಳು, ನೀರಿನಲ್ಲಿ ಮುಳುಗುವ ಹಾಗೆ, ಮೆಲ್ಲಗೆ ಇಳಿಯುತ್ತಿದ್ದವು. ಅಂಥ ಒಂದು ಹೊತ್ತಿನಲ್ಲೇ ಹೊಸಬಳು ಬಂದದ್ದು. ಕಡಲಾಚೆಯ ಯಾವುದೋ ದ್ವೀಪದವಳು, ವಯಸ್ಸಿನಲ್ಲಿ ಹಿರಿಯಳು. ಇಲ್ಲಿನ ಮಾತು ಅಷ್ಟಕ್ಕಷ್ಟೆ. ಎಲ್ಲರೂ ದ್ವೀಪದಕ್ಕ ಅಂದರು. ಜೇಬು ಹೊಲಿಯುವ ಮಿಷನ್ನಿಗೆ ಕೂರಿಸಿದರು.

"ಸಾಕೂ! ಎಲ್ಲಿದೀಯೇ?" ಎಂದು ಮೇಸ್ತ್ರಿ ಕೂಗಿದ. ಸಾಕು ಏಳುವುದರೊಳಗೆ ದ್ವೀಪದಕ್ಕ ಬೊಗಸೆ ತುಂಬ ಜೇಬು ಹಿಡಿದು ಓಡಿ ಬಂದಳು. ಮೇಸ್ತ್ರಿ ತಲೆ ಕೆರೆದುಕೊಂಡ. ಸ್ವಲ್ಪ ಹೊತ್ತಿಗೆ ಅವನು ಇಸ್ತ್ರಿಯವನಿಗೆ, "ನೀರು ಚಿಮುಕಿಸಿದ್ದು ಸಾಕು ಮಾರಾಯ, ಸಾಕು!" ಎಂದು ಗದರಿದ್ದೇ ತಡ, ಇಸ್ತ್ರಿ ಮೇಜಿನ ಮೇಲೆ ಎರಡು ಜೇಬು ಬಂದು ಬಿದ್ದವು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ದ್ವೀಪದಕ್ಕ ಪೆಚ್ಚಾದಳು. ಕೊನೆಗೆ ಒಂದು ಜೇಬನ್ನೆತ್ತಿ ಅದರೊಳಗೆ ಕೈ ಇಳಿಬಿಟ್ಟು, "ಸಾಕು. ನಮ್ಮ ಮಾತು, ಇದು ಸಾಕು" ಎಂದಳು.

ಸಾಕು ಆ ಜೇಬನ್ನು ಇಸಿದುಕೊಂಡು ತಾನೂ ಕೈ ಹಾಕಿದಳು. ಒಳಗೆ ಇನ್ನೂ ದ್ವೀಪದಕ್ಕನ ಕೈಯ ಬಿಸಿ ಇತ್ತು. ಅಂದು ಸಂಜೆಯವರೆಗೂ ಅವಳ ಕಣ್ಣ ಮುಂದೆ ಒಂದು ದ್ವೀಪ ತೇಲಿತು. ಅಲ್ಲಿ ಮಕ್ಕಳು ಅವಳ ಹೆಸರಿನೊಳಗೆ ಕಪ್ಪೆಚಿಪ್ಪು ತುಂಬಿಕೊಳ್ಳುತ್ತಿದ್ದರು. ಚಳಿಯಾದಾಗ ಮುದುಕರು ಅವಳ ಹೆಸರಿನಲ್ಲಿ ಕೈ ಹುದುಗಿಸಿ ದೋಣಿಗಳ ದಾರಿ ನೋಡುತ್ತಿದ್ದರು.

ಮಾರನೆಯ ದಿನ ಗುಂಡಿ ಮಾರುವವನ ಕಿವಿಗೂ ಈ ಸುದ್ದಿ ಬಿತ್ತು. ಅವನು ಹಿಂದೆ ಹಡಗಿನಲ್ಲಿ ಅಡುಗೆಯವನಾಗಿದ್ದವನು. "ಇನ್ನೊಂದು ದೇಶದಲ್ಲಿ ಸಾಕು ಅಂದ್ರೆ ಹೂವು ಅರಳೋದು ಕಣಮ್ಮಾ" ಎಂದ.

"ಗುಂಡಿ ಖರ್ಚಾಗ್ಲಿ ಅಂತ ಏನೇನೋ ಬಿಡ್ಬೇಡ" ಎಂದ ಮೇಸ್ತ್ರಿ. "ನಮಗೂ ಅವರಿಗೂ ಏನಯ್ಯಾ ನಂಟು?"

"ನಂಟೂ ಇಲ್ಲ ಗಿಂಟೂ ಇಲ್ಲ. ಎಲ್ಲರಿಗೂ ಇರೋದು ಒಂದೇ ನಾಲಿಗೆ. ಅದು ಎಷ್ಟು ಥರ ಅಂತ ಹೊರಳೀತು?"

ನಂಬುವುದೋ ಬಿಡುವುದೋ ತಿಳಿಯದೆ ಸಾಕು ಆವತ್ತು ಬೇಕಿಲ್ಲದ ಗುಂಡಿಯನ್ನೂ ಕೊಂಡಳು.

ರಜೆಯ ದಿನ ಅವಳು ದ್ವೀಪದಕ್ಕನನ್ನು ಕರೆದುಕೊಂಡು ತನ್ನ ದೊಡ್ಡಕ್ಕನ ಮನೆಗೆ ಹೋದಳು. ದೊಡ್ಡಕ್ಕ ಒಣಗಿದ ಬಟ್ಟೆ ಮಡಚುತ್ತ ಜೇಬಿನ ಕಥೆ ಕೇಳಿ ನಕ್ಕೂ ನಕ್ಕೂ ಸುಸ್ತಾದಳು. ಆಗ ದ್ವೀಪದಕ್ಕ ಕೇಳಿದಳು: "ನಿಮ್ಮ ಮಾತು, ಸಾಕು ಏನು?"

ಸಾಕು ನೆಲ ನೋಡುತ್ತ ಹೇಳಿದಳು. "ಬೇಡ ಅಂತ. ಇನ್ನು ಹೆಣ್ಣು ಬೇಡ ಅಂತ."

ದೊಡ್ಡಕ್ಕನ ಕೈ ನಿಂತಿತು. "ಯಾರೇ ಹೇಳಿದ್ದು ನಿಂಗೆ?"

"ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

"ಅಯ್ಯೋ ಹುಚ್ಚಿ, ಆ ಹೆಸರಿಟ್ಟೋಳು ನಾನು ಕಣೇ! ಬೆಕ್ಕಿನ ಮರಿ ಬೇಕು ಅಂತ ಆವಾಗ ಮನೇಲಿ ಒಂದೇ ಸಮ ಹಟ ಮಾಡ್ತಿದ್ದೆ. ಅಮ್ಮ ಆಸ್ಪತ್ರೆಯಿಂದ ನಿನ್ನನ್ನ ಟವೆಲ್‌ನಲ್ಲಿ ಸುತ್ಕೊಂಡು ಬಂದ್ಲು. ನೀನು ಕಣ್ಣು ಮುಚ್ಕೊಂಡು ಕುಂಯ್ ಕುಂಯ್ ಅಂತಿದ್ದೆ. ನಾನು ಅಪ್ಪನ ಅಂಗಿ ಜಗ್ಗಿ, 'ಅಪ್ಪಾ, ಇದನ್ನ ನಾವೇ ಸಾಕೋಣ್ವಾ?' ಅಂದೆ. ಅಪ್ಪ ನಗು ತಡೀಲಾರ್ದೆ ನೆಲದ ಮೇಲೆ ಕೂತೇಬಿಟ್ರು. 'ಸಾಕು ಮಗಳೇ, ನೀನೇ ಸಾಕು' ಅಂದ್ರು. ಆಮೇಲೆ ದಿನಾ ಕೆಲಸದಿಂದ ಬಂದೋರೇ 'ಎಲ್ಲಿ ನಮ್ಮ ಸಾಕು?' ಅಂತ ನಿನ್ನ ಹುಡುಕೋರು."

ಸಾಕುವಿಗೆ ಮೊದಲು ಬಂದದ್ದು ಸಿಟ್ಟು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಗೊತ್ತಿದೆ ಅಂದ್ಕೊಂಡಿದ್ದೆ." ದೊಡ್ಡಕ್ಕ ಕೈಲಿದ್ದ ಬಟ್ಟೆ ಬದಿಗಿಟ್ಟು ಹತ್ತಿರ ಸರಿದಳು. "ಅಷ್ಟು ದಿನದಿಂದ ಇದನ್ನ ಒಳಗೇ ಇಟ್ಕೊಂಡು ಕೊರಗ್ತಿದ್ಯಾ?"

 ಸಾಕು ಬಟ್ಟೆಯ ರಾಶಿಯಿಂದ ಒಂದು ಟವೆಲ್ ಎಳೆದುಕೊಂಡು ಮುಖ ಒತ್ತಿ ಅತ್ತಳು.

ದ್ವೀಪದಕ್ಕ ಗಾಬರಿಯಿಂದ ಇಬ್ಬರನ್ನೂ ನೋಡಿದಳು. ಸಾಕು ಕಣ್ಣೊರಸಿಕೊಂಡು ಅವಳಿಗೆ ತಿಳಿಸಲು ಹೊರಟಳು. ತೋಳಲ್ಲಿ ಮಗು ತೂಗಿದಳು, ಮಿಯಾಂವ್ ಅಂದಳು, ಹಾಲು ಕುಡಿಸಿದಳು. ದ್ವೀಪದಕ್ಕ ಎಲ್ಲ ಅರ್ಥವಾದವಳ ಹಾಗೆ ತಲೆದೂಗಿ, ಬಗ್ಗಿ ಮಂಚದ ಕೆಳಗೆ ಬೆಕ್ಕು ಹುಡುಕತೊಡಗಿದಳು. ಅಕ್ಕತಂಗಿಯರಿಗೆ ನಗು ಉಕ್ಕಿ ಬಂತು.

ಊಟವಾದ ಮೇಲೆ ಮೂವರೂ ಚಾಪೆಯ ಮೇಲೆ ಉರುಳಿದರು. ಪರದೆ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು. ದೊಡ್ಡಕ್ಕ ಅರೆನಿದ್ದೆಯಲ್ಲೇ ತಂಗಿಯ ತಲೆ ನೇವರಿಸುತ್ತಿದ್ದಳು. ಸಾಕುವಿನ ರೆಪ್ಪೆಗಳು ಭಾರವಾದವು. ತನಗೆ ನೆನಪಿರಲು ಸಾಧ್ಯವೇ ಇಲ್ಲದ ಒಂದು ಕೋಣೆ ಅವಳಿಗೆ ಕಂಡಿತು. ಅಲ್ಲಿ ಅಪ್ಪ, ಇನ್ನೂ ಹರೆಯದವನು, ಗೋಡೆಗೊರಗಿ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ.