ನಾಗಮ್ಮನ ಹೆಸರಿನ ಕೊಳವೆ

ನಾನು ಒಂದು ಸೆಂಟ್ರಿಫ್ಯೂಜ್. ರಕ್ತದ ಕೊಳವೆಗಳನ್ನು ಗಿರಗಿರನೆ ತಿರುಗಿಸಿ, ಕೆಂಪನ್ನು ತಳಕ್ಕಿಳಿಸಿ, ಮೇಲೆ ತಿಳಿಹಳದಿ ನೀರು ನಿಲ್ಲಿಸುವ ಯಂತ್ರ. ಮೈಗೆ ಬಂದುಹೋದ ರೋಗಗಳ ಗುರುತು, ಅವುಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳು, ಆ ನೀರಿನಲ್ಲಿರುತ್ತವೆ. ಉತ್ತರದ ಒಂದು ಕಾರ್ಖಾನೆಯಲ್ಲಿ ಹುಟ್ಟಿ, ಎಂಟು ವರ್ಷ ಕಾಲೇಜೊಂದರಲ್ಲಿ ದುಡಿದು, ಹರಾಜಿನಲ್ಲಿ ರಬಕವಿಯ ಗುರುಪಾದಪ್ಪನವರ ಲ್ಯಾಬಿಗೆ ಬಂದೆ.

ಅಲ್ಲಿ ನನ್ನನ್ನು ನಡೆಸುತ್ತಿದ್ದವಳು ಶಶಿರೇಖಾ. ಎರಡು ಸಲ ಅವಳ ಗರ್ಭ ನಿಂತು ಜಾರಿತ್ತು. ಈಗ ಮತ್ತೆ ಎರಡು ತಿಂಗಳು. ಗಂಡನ ಹೊರತು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಜ್ವರದ ಮಗುವೊಂದನ್ನು ತಾಯಿ ಎತ್ತಿಕೊಂಡು ಬಂದಳು. ಮುಖದ ತುಂಬ ಕೆಂಪು ದದ್ದು. ಸೂಜಿ ಚುಚ್ಚಿದಾಗ ಮಗು ಚೀರಿ, ಶಶಿರೇಖಾಳ ಮುಖದ ಮೇಲೆಯೇ ಕೆಮ್ಮಿತು. ಸಂಜೆ ತಿಳಿಯಿತು: ರುಬೆಲ್ಲಾ. ಮಕ್ಕಳಿಗೆ ಅದು ನಾಲ್ಕು ದಿನದ ಜ್ವರ. ಹೊಟ್ಟೆಯೊಳಗಿನ ಕೂಸಿಗೆ ಹಾಗಲ್ಲ.

ಮರುದಿನ ಎಲ್ಲರಿಗಿಂತ ಮೊದಲೇ ಬಂದ ಅವಳು, ರಬ್ಬರ್ ಪಟ್ಟಿಯನ್ನು ಹಲ್ಲಿನಿಂದ ಬಿಗಿದು ತನ್ನ ರಕ್ತವನ್ನು ತಾನೇ ಎಳೆದುಕೊಂಡಳು. ಕೊಳವೆಯ ಮೇಲೆ ‘ನಾಗಮ್ಮ’ ಎಂದು ಬರೆದು ನನ್ನೊಳಗಿಟ್ಟಳು. ರುಬೆಲ್ಲಾ ವಿರುದ್ಧ ಅದರಲ್ಲಿ ಪ್ರತಿಕಾಯವೇ ಇರಲಿಲ್ಲ. ಚಿಕ್ಕಂದಿನಲ್ಲಿ ರೋಗ ಬಂದಿರಲಿಲ್ಲ, ಲಸಿಕೆಯೂ ಬಿದ್ದಿರಲಿಲ್ಲ.

“ಯಾರವಾ ಈ ನಾಗಮ್ಮ?” ಗುರುಪಾದಪ್ಪ ಕೇಳಿದರು.

“ನಮ್ಮ ಓಣ್ಯಾಕಿ ರೀ. ಬಸುರಿ ಅದಾಳ.”

“ಮೂರು ವಾರ ಬಿಟ್ಟು ಮತ್ತ ಬಾ ಅನ್ನು. ಜಡ್ಡು ಹತ್ತೇತೋ ಇಲ್ಲೋ, ಅಲ್ಲೀತನಾ ಹೇಳಾಕ ಬರಂಗಿಲ್ಲ.”

ಆ ಮೂರು ವಾರ ಅವಳು ದಿನವೂ ನನ್ನ ಹೊಳೆಯುವ ಮುಚ್ಚಳದಲ್ಲಿ ಕತ್ತು ಹೊರಳಿಸಿ ನೋಡಿಕೊಳ್ಳುತ್ತಿದ್ದಳು. ಹದಿನೇಳನೆಯ ದಿನ ಕಿವಿಯ ಹಿಂದೆ ನಾಲ್ಕು ಕೆಂಪು ಚುಕ್ಕೆ ಎದ್ದವು. “ಬೆವರುಸಾಲಿ ಎದ್ದಾವ,” ಎಂದು ಫೋನಿನಲ್ಲಿ ಗಂಡನಿಗೆ ಹೇಳಿದಳು.

ಎರಡನೆಯ ಕೊಳವೆಯನ್ನೂ ನಾನೇ ತಿರುಗಿಸಿದೆ. ಈ ಸಲ ಪ್ರತಿಕಾಯಗಳಿದ್ದವು. ಹೊಚ್ಚ ಹೊಸವು.

ಗುರುಪಾದಪ್ಪ ವರದಿ ಓದಿ ತಲೆ ಅಲ್ಲಾಡಿಸಿದರು. “ಕೂಸು ಉಳಿದ್ರೂ ಕಣ್ಣೋ, ಕಿವಿಯೋ, ಹೃದಯಾನೋ... ಲಗೂನ ಡಾಕ್ಟರ್ ಕಡೆ ಹೋಗಾಕ ಹೇಳು ನಾಗಮ್ಮಗ.”

“ನಾಗಮ್ಮ ನಾನ ರೀ.”

ಅವರು ತಮ್ಮ ಸ್ಟೂಲನ್ನು ಅವಳ ಕಡೆಗೆ ಸರಿಸಿದರು.

ಡಾಕ್ಟರು ಎಲ್ಲವನ್ನೂ ಬಿಚ್ಚಿ ಹೇಳಿದರಂತೆ. ಬೇಡವೆಂದರೆ ಈಗಲೇ ತೆಗೆಯಬಹುದು ಎಂದರಂತೆ. “ಎರಡು ತಾವಾಗಿ ಹೋದ್ವು. ಇದನ್ನ ನಾ ಕಳಿಸೂದಿಲ್ರಿ,” ಎಂದು ಗುರುಪಾದಪ್ಪನವರಿಗೆ ಹೇಳಿ ಅವಳು ಕೆಲಸ ಬಿಟ್ಟಳು.

ವರ್ಷ ಕಳೆಯಿತು. ನನ್ನ ಬೇರಿಂಗ್ ಸವೆದು, ಗುಂಡಿ ಒತ್ತಿದರೆ ಕಿವಿಗಡಚಿಕ್ಕುವಂತೆ ಕಿರುಚುವ ಮುಪ್ಪು ಬಂತು. ಹಾಗಿರುವಾಗ ಶಶಿರೇಖಾ ಕೂಸನ್ನು ತೋರಿಸಲು ಬಂದಳು. ಕಪ್ಪನೆಯ ಹುಬ್ಬಿನ, ಮುದ್ದಾದ ಹೆಣ್ಣುಮಗು. ನಿದ್ದೆಯಲ್ಲಿದ್ದ ಅದನ್ನು ನನ್ನ ಪಕ್ಕದಲ್ಲೇ ಮಲಗಿಸಿದಳು. ಗುರುಪಾದಪ್ಪ ಅಭ್ಯಾಸಬಲದಿಂದ ಗುಂಡಿ ಒತ್ತಿಬಿಟ್ಟರು. ನಾನು ಅರಚಿದೆ. ಬೆಂಚಿನ ಮೇಲಿದ್ದವರೆಲ್ಲ ಬೆಚ್ಚಿಬಿದ್ದರು. ಮಗುವಿನ ರೆಪ್ಪೆ ಸಹ ಅಲುಗಲಿಲ್ಲ.

ಅವರು ತಟ್ಟನೆ ನನ್ನನ್ನು ನಿಲ್ಲಿಸಿದರು.

“ಹಚ್ರಿ,” ಎಂದಳು ಶಶಿರೇಖಾ, ಮಗುವಿನ ಮುಖದಿಂದ ಕಣ್ಣು ತೆಗೆಯದೆ. “ಇನ್ನೊಮ್ಮೆ ಹಚ್ರಿ.”

ಈಗ ನಾನು ಗುಜರಿಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ನನ್ನ ಸದ್ದಿಗೆ ಎಷ್ಟೋ ಮಂದಿ ಶಾಪ ಹಾಕಿದ್ದಾರೆ. ಆದರೆ ಆ ಎರಡನೆಯ ಸಲ, ಒಂದು ಯಂತ್ರ ಎಷ್ಟು ಜೋರಾಗಿ ಕೂಗಬಲ್ಲುದೋ ಅಷ್ಟು ಜೋರಾಗಿ ನಾನು ಕೂಗಿದ್ದೆ.